ಕುರ್ಚಿ ತಾತ

ಕೆಲವರಿಗೆ ಈಜು ಬರುವುದಿಲ್ಲ, ಕೆಲವರಿಗೆ ಹಾಡು ಬರುವುದಿಲ್ಲ. ನಮ್ಮ ಪತ್ರಾಗಾರದ ಇದೆಯಪ್ಪನಿಗೆ ‘ಇಲ್ಲ’ ಎನ್ನಲು ಬರುತ್ತಿರಲಿಲ್ಲ. ಇದೆಯಪ್ಪ ಎಂಬುದು ಹೆತ್ತವರು ಇಟ್ಟ ಹೆಸರಲ್ಲ, ಕಚೇರಿಯವರು ಇಟ್ಟದ್ದು. ಯಾರಾದರೂ ಬಂದು ಹಳೆಯ ಕಾಗದವೊಂದನ್ನು ಕೇಳಿದರೆ, ಕಪಾಟಿನ ಕಡೆ ಮುಖ ತಿರುಗಿಸುವ ಮೊದಲೇ “ಇದೆ ಸಾರ್, ಇದೆ, ಕೂತ್ಕೊಳ್ಳಿ” ಎನ್ನುತ್ತಿದ್ದ. ಅವರು ಕೂರುತ್ತಿದ್ದರು. ಹೀಗೆ ಕೂತು ಕೂತು ಕೆಲವರಿಗೆ ಪರಸ್ಪರ ಪರಿಚಯವಾಗಿ, ಸ್ನೇಹ ಬೆಳೆದು, ಒಬ್ಬರ ಮನೆಗೆ ಒಬ್ಬರು ಹೋಗಿ ಬರುವಷ್ಟಾಗಿತ್ತು. ಕಾಗದ ಮಾತ್ರ ಸಿಕ್ಕಿರಲಿಲ್ಲ.

ಬೀದಿಯಲ್ಲೂ ಅದೇ ಕಥೆ. ಒಮ್ಮೆ ಯಾರೋ ಕಣ್ಣಿನ ಆಸ್ಪತ್ರೆಗೆ ದಾರಿ ಕೇಳಿದರು. ಗೊತ್ತಿಲ್ಲ ಎಂದಿದ್ದರೆ ಮುಗಿಯುತ್ತಿತ್ತು. ಇವನು “ಬನ್ನಿ, ನಾನೂ ಆ ಕಡೇನೇ ಹೊರಟಿದೀನಿ” ಎಂದು ಕರೆದುಕೊಂಡು ಹೋಗಿ, ಊರೆಲ್ಲ ಸುತ್ತಿಸಿ, ಕೊನೆಗೆ ಕನ್ನಡಕದ ಅಂಗಡಿಯೊಂದರ ಮುಂದೆ ನಿಲ್ಲಿಸಿ, “ಹೆಚ್ಚೂ ಕಡಿಮೆ ಇದೇ” ಎಂದು ಹೇಳಿ ಬಂದ. ಒಳ್ಳೆಯ ಮನುಷ್ಯ. ಒಳ್ಳೆಯತನದಿಂದ ಊರಿಗೆ ಎಷ್ಟು ತೊಂದರೆಯಾಗಬಹುದು ಎಂಬುದಕ್ಕೆ ಅವನಿಗಿಂತ ಒಳ್ಳೆಯ ಉದಾಹರಣೆ ನಾನು ಕಂಡಿಲ್ಲ.

ಕಚೇರಿಯಲ್ಲಿ ನನ್ನ ಮೇಜು ಅವನ ಮೇಜಿನ ಪಕ್ಕದಲ್ಲಿದೆ. ಹರಿದ ಪುಸ್ತಕಗಳಿಗೆ ಹೊಲಿಗೆ ಹಾಕಿ ರಟ್ಟು ಕಟ್ಟುವುದು ನನ್ನ ಕೆಲಸ. ಹೀಗಾಗಿ ಮುಂದೆ ನಡೆದದ್ದಕ್ಕೆಲ್ಲ ನಾನು ಸಾಕ್ಷಿ. ಹೊಣೆಗಾರನಲ್ಲ, ಇದನ್ನು ಈಗಲೇ ಹೇಳಿಬಿಡುತ್ತೇನೆ.

ಪತ್ರಾಗಾರದ ಹಳೆಯ ಕಾಗದ, ಫೋಟೊ, ನಕ್ಷೆಗಳನ್ನೆಲ್ಲ ಸ್ಕ್ಯಾನ್ ಮಾಡಿ ಕಂಪ್ಯೂಟರಿಗೆ ಹಾಕಬೇಕು, ಜನ ಮನೆಯಲ್ಲೇ ಕೂತು ಹುಡುಕುವಂತಾಗಬೇಕು ಎಂದು ಮೇಲಿನಿಂದ ಆದೇಶ ಬಂತು. ಫೋಟೊಗಳು ಇದೆಯಪ್ಪನ ಪಾಲಿಗೆ ಬಂದವು. ಒಂದು ದಿನ ಪೆಟ್ಟಿಗೆಯ ತಳದಿಂದ ಒಂದು ಫೋಟೊ ಹೊರಬಿತ್ತು. ಕೋಟು ತೊಟ್ಟ ಗಂಡಸು, ದಪ್ಪ ಮೀಸೆ, ಕೈಯುಳ್ಳ ಕುರ್ಚಿಯಲ್ಲಿ ನೆಟ್ಟಗೆ ಕೂತಿದ್ದಾನೆ. ಈ ಫೋಟೊದವನು ಇನ್ನೂ ಎಷ್ಟು ಹೊತ್ತು ಮಾಡುತ್ತಾನಪ್ಪ ಎಂಬ ಭಾವ ಮುಖದಲ್ಲಿದೆ. ಹಿಂದೆ ತಿರುಗಿಸಿದರೆ ಒಂದಕ್ಷರವೂ ಇಲ್ಲ.

ಪ್ರತಿ ಫೋಟೊಗೂ ಕಂಪ್ಯೂಟರಿನಲ್ಲಿ ಹೆಸರು, ಊರು, ಉದ್ಯೋಗ, ಕಾಲ ಎಂದು ಖಾನೆಗಳಿದ್ದವು. ಗೊತ್ತಿಲ್ಲದಿದ್ದರೆ ಖಾಲಿ ಬಿಡಿ ಎಂದು ಸ್ಪಷ್ಟವಾಗಿ ಹೇಳಿದ್ದರು. ಇದೆಯಪ್ಪ ಫೋಟೊವನ್ನು ನನ್ನ ಕಡೆ ಹಿಡಿದ.

“ಪಾಪ, ಎಷ್ಟು ಚೆನ್ನಾಗಿ ಕೂತಿದಾರೆ ನೋಡು. ಇವರ ಬಗ್ಗೆ ಏನೂ ಇಲ್ಲ ಅಂತ ಹೇಗಯ್ಯಾ ಬಿಡೋದು?”

“ಗೊತ್ತಿಲ್ವಲ್ಲ,” ಎಂದೆ.

“ನಮಗೆ ಗೊತ್ತಿಲ್ಲ ಅಂದ್ರೆ ಅವರು ಏನೂ ಆಗಿರಲಿಲ್ಲ ಅಂತಾನಾ? ಏನೋ ಒಂದು ಆಗಿದ್ದೇ ಇರ್ತಾರೆ.”

ಆದ್ದರಿಂದ ಉದ್ಯೋಗದ ಖಾನೆಯಲ್ಲಿ ರೈತ, ವ್ಯಾಪಾರಿ, ಮೇಷ್ಟ್ರು, ವಕೀಲ, ಸಿಪಾಯಿ, ವೈದ್ಯ, ಬಡಗಿ ಎಂದು ನೆನಪಿಗೆ ಬಂದದ್ದನ್ನೆಲ್ಲ ಬರೆದ. ಊರಿನ ಖಾನೆಯಲ್ಲಿ ಸುತ್ತಮುತ್ತಲಿನ ಒಂದೂರಿಗೂ ಬೇಸರವಾಗದಂತೆ ನೋಡಿಕೊಂಡ. ಕಾಲದ ಖಾನೆಯಲ್ಲಿ ಕಂಪ್ಯೂಟರು ಒಪ್ಪುವ ಮೊದಲ ವರ್ಷದಿಂದ ಹಿಡಿದು ಹೋದ ವರ್ಷದವರೆಗೆ ಹಾಕಿದ. ಹೆಸರಿನ ವಿಷಯದಲ್ಲಿ ಸ್ವಲ್ಪ ಯೋಚಿಸಿ, ಹಳೆಯ ಮತದಾರರ ಪಟ್ಟಿಯೊಂದನ್ನು ಎದುರಿಗಿಟ್ಟುಕೊಂಡು ಮಧ್ಯಾಹ್ನವೆಲ್ಲ ಕುಟ್ಟಿದ. “ಯಾವುದಾದ್ರೂ ಒಂದು ಸರಿಯಾಗಿರುತ್ತೆ” ಎಂದು ಕೈ ಒರೆಸಿಕೊಂಡು ಮನೆಗೆ ಹೋದ.

ಮುಂದಿನ ವಾರ ಸಭೆ. ಹುಡುಕುವ ಪುಟವನ್ನು ವಿನ್ಯಾಸ ಮಾಡಲು ಒಬ್ಬ ಹೆಣ್ಣುಮಗಳನ್ನು ಕರೆಸಿದ್ದರು. ಅವರನ್ನು ನಾವೆಲ್ಲ ಡಿಸೈನ್ ಮೇಡಂ ಎನ್ನುತ್ತಿದ್ದೆವು. ಬುದ್ಧಿವಂತೆ. ನಮ್ಮ ಕಚೇರಿಯಲ್ಲಿ ಅದರಿಂದ ಅವರಿಗೇನೂ ಪ್ರಯೋಜನವಾಗಲಿಲ್ಲ. ಜನ ಹೆಸರು ಹಿಡಿದು ಹುಡುಕುತ್ತಾರೋ ಊರು ಹಿಡಿದೋ, ವರ್ಷದ ಪಟ್ಟಿ ಎಡಕ್ಕಿರಬೇಕೋ ಬಲಕ್ಕೋ ಎಂದೆಲ್ಲ ಕೇಳಿದರು. ನಿರ್ದೇಶಕರು ಎಲ್ಲದಕ್ಕೂ “ನಿಮಗೆ ತೋಚಿದ ಹಾಗೆ ಮಾಡಿ, ಮೇಲ್ಗಡೆ ನನ್ನ ಫೋಟೊ ಇರಲಿ” ಎಂದರು.

“ಕೊನೇ ಪ್ರಶ್ನೆ ಸಾರ್,” ಎಂದರು ಮೇಡಂ. “ಒಬ್ಬರು ಬಂದು ಏನೋ ಹುಡುಕ್ತಾರೆ. ಅದು ನಮ್ಮಲ್ಲಿಲ್ಲ. ಆಗ ಏನು ತೋರಿಸೋದು? ‘ಏನೂ ಸಿಗಲಿಲ್ಲ’ ಅಂತ ನೇರವಾಗಿ ಹೇಳಿಬಿಡೋದು ಒಳ್ಳೇದು.”

ಸಭೆಯಲ್ಲಿ ಎಂದೂ ಬಾಯಿ ಬಿಡದ ಇದೆಯಪ್ಪ ಎದ್ದು ನಿಂತ.

“ಮೇಡಂ, ನಿಮ್ಮ ಮನೆ ಬಾಗಿಲಿಗೆ ಯಾರಾದ್ರೂ ಬಂದ್ರೆ ‘ಏನೂ ಇಲ್ಲ, ಹೋಗಿ’ ಅಂತೀರಾ?”

“ಇದು ಮನೆ ಬಾಗಿಲಲ್ಲ ಸಾರ್, ಹುಡುಕೋ ಪುಟ.”

“ಬರೋರು ಮನುಷ್ಯರೇ ತಾನೇ? ತಾತನ್ನ ಹುಡ್ಕೊಂಡು ಬರ್ತಾರೆ. ಎಷ್ಟೋ ವರ್ಷದ ಆಸೆ. ಅವರ ಮುಖಕ್ಕೆ ಹೊಡೆದ ಹಾಗೆ ‘ಇಲ್ಲ’ ಅಂದ್ರೆ ಅವರಿಗೆ ಹೇಗಾಗಬೇಡ? ಅದಿಲ್ದಿದ್ರೆ ಅದರ ಹತ್ತಿರದ್ದು ಏನಾದ್ರೂ ಕೊಡೋಣ. ನಮ್ಮಿಂದ ಯಾರೂ ಬರಿಗೈಲಿ ಹೋಗಬಾರದು.”

ನಿರ್ದೇಶಕರ ಕಣ್ಣು ಒದ್ದೆಯಾಯಿತು. “ಬರಿಗೈಲಿ ಹೋಗಬಾರದು,” ಎಂದು ಬರೆದುಕೊಂಡರು. ಉದ್ಘಾಟನೆಯ ಭಾಷಣಕ್ಕೆ ಅವರಿಗೊಂದು ಸಾಲು ಬೇಕಾಗಿತ್ತು.

“ಇಲ್ಲದ್ದನ್ನ ಇದೆ ಅಂತ ತೋರಿಸಿದ್ರೆ ಜನ ನಂಬಿಬಿಡ್ತಾರೆ ಸಾರ್,” ಎಂದರು ಮೇಡಂ.

“ನಂಬಲಿ ಅಂತಲೇ ತಾನೇ ಇಷ್ಟೆಲ್ಲ ಖರ್ಚು ಮಾಡ್ತಿರೋದು?” ಎಂದರು ನಿರ್ದೇಶಕರು.

ಕೊನೆಗೆ ಮೇಡಂ, ಆಗಲಿ, ಫೋಟೊದ ಮೇಲೆ ‘ಹತ್ತಿರದ ಫಲಿತಾಂಶ’ ಎಂದಾದರೂ ಹಾಕೋಣ ಎಂದರು. ಅದು ಅನುಮಾನದ ಮಾತಿನಂತೆ ಕೇಳುತ್ತದೆ ಎಂದು ಇದೆಯಪ್ಪ ಆಕ್ಷೇಪಿಸಿದ. ಚರ್ಚೆಯಾಗಿ, ‘ಇಗೋ, ನೀವು ಹುಡುಕುತ್ತಿದ್ದದ್ದು!’ ಎಂದು ತೀರ್ಮಾನವಾಯಿತು. ಮೇಡಂ ತಮ್ಮ ಚೀಲ ಎತ್ತಿಕೊಂಡು ಹೊರಗೆ ಹೋಗಿ ಸ್ವಲ್ಪ ಹೊತ್ತು ಮೆಟ್ಟಿಲ ಮೇಲೆ ನಿಂತಿದ್ದರು.

ಉದ್ಘಾಟನೆಗೆ ನಗರಸಭೆಯ ಅಧ್ಯಕ್ಷರು ಬಂದರು. ರಿಬ್ಬನ್ ಕತ್ತರಿಸಿ, “ನಮ್ಮ ತಾತನ ಹೆಸರು ಹಾಕಿ ನೋಡೋಣ” ಎಂದು ಒಂದೇ ಬೆರಳಿನಲ್ಲಿ ಒತ್ತಿದರು. ಮತದಾರರ ಪಟ್ಟಿ ತನ್ನ ಕೆಲಸ ಮಾಡಿತು. ಪರದೆಯ ತುಂಬ ಮೀಸೆಯ ಮನುಷ್ಯ, ಮೇಲೆ ‘ಇಗೋ, ನೀವು ಹುಡುಕುತ್ತಿದ್ದದ್ದು!’ ಸಭೆಯೆಲ್ಲ ಚಪ್ಪಾಳೆ ತಟ್ಟಿತು.

“ತಾತನ ಒಂದು ಫೋಟೊನೂ ಇಲ್ಲ ಅಂತ ನಮ್ಮಪ್ಪ ಸಾಯೋವರೆಗೂ ಕೊರಗಿದ್ರು,” ಎಂದರು ಅಧ್ಯಕ್ಷರು. “ನೋಡಿ, ಆ ಮೀಸೆ ನೋಡಿ. ನಂದೇ.”

ಅಧ್ಯಕ್ಷರಿಗೆ ಮೀಸೆ ಇರಲಿಲ್ಲ. “ಬಿಟ್ರೆ ಹೀಗೇ ಬರುತ್ತೆ,” ಎಂದರು. ಮಾರನೆಯ ದಿನದಿಂದ ಬಿಟ್ಟರು.

ಆಮೇಲೆ ಊರಿಗೆ ಊರೇ ಹುಡುಕತೊಡಗಿತು. ಹುಡುಕಿದವರಿಗೆಲ್ಲ ತಾತ ಸಿಕ್ಕಿದರು. ಹಲ್ಲಿನ ಡಾಕ್ಟರಿಗೆ ದವಡೆಯಲ್ಲಿ ತಮ್ಮ ಮನೆತನ ಕಂಡಿತು. ಅವರ ಪಕ್ಕದ ಮನೆಯ ಕ್ಷೌರದ ಅಂಗಡಿಯವರಿಗೆ ತಲೆಗೂದಲಿನ ಸುಳಿಯಲ್ಲಿ ಕಂಡಿತು. ಎಲ್ಲ ಗೊತ್ತಿದ್ದ ನನಗೂ ಒಂದು ದಿನ ಊಟದ ಬಿಡುವಿನಲ್ಲಿ ಸುಮ್ಮನೆ ಒತ್ತಿ ನೋಡಿದಾಗ, ಆ ಕಿವಿ ಥೇಟ್ ನಮ್ಮ ದೊಡ್ಡಪ್ಪನದೇ ಅನ್ನಿಸಿತು. ಇದನ್ನು ಹೆಚ್ಚು ಬೆಳೆಸುವುದು ಬೇಡ.

ನಮ್ಮ ಬೀದಿಯಲ್ಲಿ ಫೋಟೊಗೆ ಕಟ್ಟು ಹಾಕುವ ಅಂಗಡಿಯವನೊಬ್ಬನಿದ್ದಾನೆ. ಅವನು ಮೊದಲು ಗಾಬರಿಯಾದ, ಆಮೇಲೆ ಪ್ರಶ್ನೆ ಕೇಳುವುದನ್ನು ನಿಲ್ಲಿಸಿದ. ಗಿರಾಕಿ ಬಾಗಿಲಿಗೆ ಬಂದರೆ, “ತಾತಾನಾ? ಕುರ್ಚಿ ತಾತಾನಾ? ದೊಡ್ಡದು ಬೇಕೋ ಚಿಕ್ಕದು ಬೇಕೋ? ರೆಡಿ ಇದೆ” ಎನ್ನುತ್ತಿದ್ದ. ಕುರ್ಚಿ ತಾತ ಎಂಬ ಹೆಸರು ಬಿದ್ದದ್ದು ಅಲ್ಲಿಂದಲೇ.

ಒಬ್ಬರ ಗೋಡೆಯ ಮೇಲಿನ ತಾತನನ್ನು ಇನ್ನೊಬ್ಬರು ನೋಡಲಿಲ್ಲವೇ ಎಂದು ನೀವು ಕೇಳಬಹುದು. ನೋಡಿದರು. ಹಲ್ಲಿನ ಡಾಕ್ಟರು ಸಕ್ಕರೆ ಕೇಳಲು ಪಕ್ಕದ ಮನೆಗೆ ಹೋದವರು ಬಾಗಿಲಲ್ಲೇ ನಿಂತರು.

“ನಮ್ಮ ತಾತ ನಿಮ್ಮನೇಲಿ ಏನ್ ಮಾಡ್ತಿದಾರೆ?”

“ಯಾರ ತಾತ ಸ್ವಾಮಿ? ನಮ್ಮ ತಾತ ನಮ್ಮನೇಲಿದಾರೆ.”

“ನಿಮಗೆ ತಾತ ಇಲ್ದಿದ್ರೆ ಇಲ್ಲ ಅನ್ನಿ. ಇನ್ನೊಬ್ಬರದ್ದು ಯಾಕೆ ಎತ್ಕೊಂಡು ಬರ್ತೀರಿ?”

ಮಾತಿಗೆ ಮಾತು ಬೆಳೆದು ಇಬ್ಬರೂ ಪೊಲೀಸ್ ಠಾಣೆಗೆ ಹೋದರು. ಇನ್ಸ್‌ಪೆಕ್ಟರು ಇಬ್ಬರ ಮಾತನ್ನೂ ಪೂರ್ತಿ ಕೇಳಿ, ತಮ್ಮ ಬೆನ್ನ ಹಿಂದಿನ ಗೋಡೆಯ ಕಡೆ ಒಮ್ಮೆ ತಿರುಗಿ ನೋಡಿ, ಇಬ್ಬರನ್ನೂ ಹೊರಗೆ ಕಳಿಸಿದರು.

ಇದೆಯಪ್ಪ ಈ ಸುದ್ದಿಗಳನ್ನೆಲ್ಲ ಕೇಳಿ ಒಳಗೊಳಗೇ ಕುಗ್ಗುತ್ತಿದ್ದ. ಆದರೆ ತಲೆ ಮೇಲೆ ಬಂಡೆ ಬಿದ್ದದ್ದು ಅವನ ಅಪ್ಪ ಬಂದ ದಿನ.

ಅವನ ಅಪ್ಪ ರಿಟೈರಾದ ಬಸ್ ಕಂಡಕ್ಟರು. ರಿಟೈರಾದದ್ದು ಬಸ್ಸಿಗೆ ಮಾತ್ರ ಗೊತ್ತು, ಅವರ ಗಂಟಲಿಗೆ ಗೊತ್ತಿಲ್ಲ. ಮನೆಯಲ್ಲಿ ಇಬ್ಬರು ಎದುರುಬದುರಾದರೆ “ಒಳಗೆ ಹೋಗಿ, ಒಳಗೆ ಜಾಗ ಇದೆ” ಎನ್ನುವರು. ಹಾಸಿಗೆಗೆ ಬಿದ್ದು ದೀಪ ಆರಿಸುವಾಗ “ರೈಟ್” ಎನ್ನುವರು. ಅವರು ತೊಟ್ಟಿಲಲ್ಲಿದ್ದಾಗಲೇ ಅವರ ಅಪ್ಪ ತೀರಿಹೋಗಿದ್ದರು. ಫೋಟೊ ಇರಲಿಲ್ಲ. ಅಪ್ಪ ಹೇಗಿದ್ದರು ಎಂದು ಹೇಳಬಲ್ಲವರೂ ಒಬ್ಬೊಬ್ಬರಾಗಿ ಹೋಗಿಬಿಟ್ಟಿದ್ದರು.

ಮಗನ ಕಚೇರಿಯೆಂದು ಅವರು ಒಳಗೆ ನುಗ್ಗಲಿಲ್ಲ. ಜನರಿಗೆಂದು ಇಟ್ಟಿದ್ದ ಕಂಪ್ಯೂಟರಿನ ಸಾಲಿನಲ್ಲಿ ನಿಂತು, ಮುಂದಿನವರನ್ನು “ಮುಂದೆ ನಡೀರಿ, ಮುಂದೆ ನಡೀರಿ” ಎಂದು ಸರಿಸುತ್ತ, ತಮ್ಮ ಸರದಿ ಬಂದಾಗ ಕೂತು, ತಮ್ಮ ಅಪ್ಪನ ಹೆಸರನ್ನು ಒಂದೊಂದೇ ಅಕ್ಷರ ಹುಡುಕಿ ಒತ್ತಿದರು. ಇದೆಯಪ್ಪ ಹಿಂದೆ ನಿಂತಿದ್ದ. “ಅಪ್ಪಾ, ಅದು...” ಎಂದ. ಅಷ್ಟರಲ್ಲಿ ಫೋಟೊ ಬಂದಿತ್ತು.

ಮುದುಕರು ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಆ ಗಂಟಲಿನಿಂದ ಅಷ್ಟು ಸಣ್ಣ ದನಿ ಬಂದದ್ದನ್ನು ನಾನು ಅದೇ ಮೊದಲು ಕೇಳಿದೆ.

“ಇವರೇನೋ?”

ಇದೆಯಪ್ಪ ಜನ್ಮದಲ್ಲಿ ಎಷ್ಟೋ ಸಲ ‘ಇದೆ’ ಎಂದಿದ್ದಾನೆ. ಈ ಸಲ ಅದು ಬಾಯಿಂದ ಹೊರಡಲು ಬಹಳ ಹೊತ್ತು ಹಿಡಿಯಿತು.

“ಹೂಂ ಅಪ್ಪಾ,” ಎಂದ.

ಕುರ್ಚಿ ತಾತ ಆ ಮನೆಯಲ್ಲಿ ಮುದುಕರ ಹಾಸಿಗೆಯ ಎದುರು ಗೋಡೆಗೇರಿದರು. ಮುದುಕರು ಬೆಳಿಗ್ಗೆ ಎದ್ದು ಅವರಿಗೆ ಸುದ್ದಿ ಹೇಳುವರು. ಯಾವ ಮಾರ್ಗದಲ್ಲಿ ಬಸ್ಸು ಕಡಿಮೆ ಮಾಡಿದ್ದಾರೆ, ಈಗಿನ ಕಂಡಕ್ಟರುಗಳು ಹೇಗೆ ಚಿಲ್ಲರೆ ಕೊಡದೆ ಸತಾಯಿಸುತ್ತಾರೆ, ಎಲ್ಲ. “ಕೇಳಿಸ್ಕೋತಾರೆ ಕಣೋ,” ಎನ್ನುವರು ಮಗನಿಗೆ. “ನಿನ್ನ ಹಾಗಲ್ಲ.” ಇದೆಯಪ್ಪ ತಲೆ ತಗ್ಗಿಸಿಕೊಂಡು ಹೊರಗೆ ಹೋಗುವನು.

ಇಲ್ಲಿ ಇದೆಯಪ್ಪನ ಮಗಳ ವಿಷಯ ಬರಬೇಕು. ಅವಳು ಆಸ್ಪತ್ರೆಯ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಕಾರು ಕಲಿಯಲು ಡ್ರೈವಿಂಗ್ ಸ್ಕೂಲಿಗೆ ಸೇರಿದಳು. ಕಲಿಸುತ್ತಿದ್ದವನು ಸ್ಕೂಲಿನ ಮಾಲೀಕರ ಮಗ. ಗೇರು ಬದಲಿಸುವುದನ್ನು ಕಲಿಯಲು ಬೇಕಾದದ್ದಕ್ಕಿಂತ ಬಹಳ ಹೆಚ್ಚು ದಿನ ಬೇಕಾಯಿತು. ಎರಡೂ ಮನೆಯವರು ಒಪ್ಪಿದರು. ಛತ್ರ ಗೊತ್ತಾಯಿತು. ಮಿಕ್ಕ ಮಾತು ಆಡಲು ಒಂದು ಭಾನುವಾರ ಹುಡುಗನ ಅಪ್ಪ ಇದೆಯಪ್ಪನ ಮನೆಗೆ ಬಂದರು. ನಾನು ಇದೆಯಪ್ಪನ ಕಡೆಯ ಹಿತೈಷಿಯಾಗಿ ಕೂತಿದ್ದೆ.

ಬೀಗರು ಜೀವಮಾನವೆಲ್ಲ ಕಲಿಯುವವರ ಪಕ್ಕದ ಸೀಟಿನಲ್ಲಿ ಕೂತವರು. ಹೀಗಾಗಿ ಏನಾದರೂ ಅಪಾಯ ಕಂಡರೆ ಬಲಗಾಲು ತಾನಾಗಿ ಬ್ರೇಕು ಒತ್ತುತ್ತದೆ. ಚಹಾ ಕುಡಿಯುತ್ತ, ಒಳಕೋಣೆಯ ತೆರೆದ ಬಾಗಿಲಿನಿಂದ ಗೋಡೆಯ ಮೇಲೆ ಅವರ ಕಣ್ಣು ಬಿತ್ತು. ಬಲಗಾಲು ಧಡ್ ಎಂದು ನೆಲಕ್ಕೆ ಬಡಿಯಿತು.

“ಅವರು ಯಾರು?”

“ನಮ್ಮಪ್ಪ,” ಎಂದರು ಮುದುಕರು ಹೆಮ್ಮೆಯಿಂದ.

“ಅವರು ನಮ್ಮ ತಾತ,” ಎಂದರು ಬೀಗರು. “ನಮ್ಮಪ್ಪನ ಅಪ್ಪ. ನಮ್ಮ ಹಾಲಿನಲ್ಲಿ ದೊಡ್ಡದು ಹಾಕ್ಸಿದೀನಿ.”

ಚಹಾದ ಲೋಟಗಳು ಇದ್ದಲ್ಲೇ ನಿಂತವು. ಬೀಗರು ಬೆರಳು ಮಡಿಸತೊಡಗಿದರು. “ಹಾಗಾದ್ರೆ ನಮ್ಮಪ್ಪ, ನೀವು ಅಣ್ಣತಮ್ಮಂದಿರು. ನೀವು ನಂಗೆ ಚಿಕ್ಕಪ್ಪ. ನಾನು, ನಿಮ್ಮ ಮಗ ಅಣ್ಣತಮ್ಮಂದಿರು. ನನ್ನ ಮಗ, ಈ ಹುಡುಗಿ...” ಮತ್ತೆ ಕಾಲು ಬಡಿಯಿತು. “ಅಣ್ಣ ತಂಗಿ!”

ಒಳಗಿನಿಂದ ಏನೋ ಬಿದ್ದ ಸದ್ದಾಯಿತು. ಇದೆಯಪ್ಪನ ಹೆಂಡತಿಯ ಕೈಯಿಂದ ತಟ್ಟೆ ಜಾರಿತ್ತು.

ಬೀಗರು ಒಂದು ಕ್ಷಣದ ಹಿಂದೆ ಬೀಗರಾಗಿದ್ದರು, ಈಗ ದಾಯಾದಿಯಾಗಿದ್ದರು. ಅದು ಅವರ ಮುಖದಲ್ಲೇ ಕಾಣುತ್ತಿತ್ತು. ಮನೆಯನ್ನು ಸೂರಿನಿಂದ ನೆಲದವರೆಗೆ ನೋಡಿದರು.

“ಈ ಮನೆ ಯಾರ ಹೆಸರಲ್ಲಿದೆ?”

“ಬಾಡಿಗೆ ಮನೆ,” ಎಂದ ಇದೆಯಪ್ಪ.

“ತಾತನ ಆಸ್ತಿ ಏನಾಯ್ತು ಹಾಗಾದ್ರೆ? ನಮಗಂತೂ ಒಂದು ಚಮಚ ಬಂದಿಲ್ಲ. ನಿಮ್ಮ ಕಡೆಯವರೇ ನುಂಗಿರಬೇಕು.”

“ಹೋಲ್ಡಾನ್!” ಎಂದರು ಮುದುಕರು, ಬೀದಿಗೆಲ್ಲ ಕೇಳುವಂತೆ. “ನಮ್ಮಪ್ಪನಿಗೆ ನಾನೊಬ್ಬನೇ ಮಗ! ನಿಮ್ಮಪ್ಪ ಯಾವ ಸ್ಟಾಪಲ್ಲಿ ಹತ್ತಿದ್ದು?”

ಬೀಗರು ಎದ್ದುಹೋದರು. ಮದುವೆ ಮುರಿದ ಸುದ್ದಿ ಅವರಿಗಿಂತ ಮೊದಲೇ ಅವರ ಮನೆ ಮುಟ್ಟಿತು.

ಸಂಜೆ ಮಗಳು ಇದೆಯಪ್ಪನ ಮುಂದೆ ಬಂದು ಕೂತಳು. ಅತ್ತು ಅತ್ತು ಮುಖ ಊದಿತ್ತು. ಅವಳಿಗೆ ಅಪ್ಪನ ಕೆಲಸ, ಅಪ್ಪನ ಗುಣ ಎರಡೂ ಗೊತ್ತು.

“ಅಪ್ಪಾ, ಆ ಫೋಟೊದಲ್ಲಿರೋದು ಯಾರು?”

ಇದೆಯಪ್ಪ ಒಳಕೋಣೆಯ ಕಡೆ ನೋಡಿದ. ಅಲ್ಲಿ ಅವನ ಅಪ್ಪ, ಗೋಡೆಗೆ, ಈಗಿನ ಡ್ರೈವರುಗಳ ಜಾತಿಯೇ ಸರಿಯಿಲ್ಲವೆಂದು ವಿವರಿಸುತ್ತಿದ್ದರು.

“ನಿಂಗೂ ಗೊತ್ತಿಲ್ಲ ಅಲ್ವಾ?” ಎಂದಳು ಮಗಳು. “ಒಂದ್ಸಲ ‘ಇಲ್ಲ’ ಅನ್ನಪ್ಪಾ. ನಂಗೋಸ್ಕರ. ಒಂದೇ ಒಂದ್ಸಲ.”

ಮರುದಿನ ಅವನು ನಿರ್ದೇಶಕರ ಕೋಣೆಗೆ ಹೋಗಿ ಎಲ್ಲ ಹೇಳಿಕೊಂಡ. ನಿರ್ದೇಶಕರು ಸಮಾಧಾನವಾಗಿ ಕೇಳಿ, ಈ ಪುಟಕ್ಕೆ ಪ್ರಶಸ್ತಿ ಬರುವ ಮಾತು ನಡೆದಿದೆ, ಬಾಯಿ ಮುಚ್ಚಿಕೊಂಡಿರು ಎಂದರು. ಡಿಸೈನ್ ಮೇಡಂ ಮಾತ್ರ, “ನಾನು ಅವತ್ತೇ ಹೇಳಿದ್ದೆ” ಎನ್ನದೆ, ಎಲ್ಲರನ್ನೂ ಕಚೇರಿಗೆ ಕರೆಸಿ, ಒಂದೇ ಕಡೆ ಕೂರಿಸಿ ತೋರಿಸಿಬಿಡೋಣ ಎಂದರು. ಬೀಗರಿಗೆ, ಅಧ್ಯಕ್ಷರಿಗೆ ಫೋನು ಹೋಯಿತು. ಬೀಗರು ತಮ್ಮ ಹಕ್ಕಿಗೆ ಆಧಾರವಾಗಿ ದೊಡ್ಡ ಫೋಟೊವನ್ನು ಕಂಕುಳಲ್ಲಿ ಇಟ್ಟುಕೊಂಡು ಬಂದರು. ಅದನ್ನು ಕೇಳಿ ಮುದುಕರೂ ಗೋಡೆಯಿಂದ ತಮ್ಮದನ್ನು ಇಳಿಸಿಕೊಂಡು, ಸೊಸೆ ಮೊಮ್ಮಗಳ ಜೊತೆ ಬಂದರು. ಅಧ್ಯಕ್ಷರು ಚಿಗುರು ಮೀಸೆಯೊಂದಿಗೆ ಬಂದರು.

ಇದೆಯಪ್ಪ ಎಲ್ಲರ ಮುಂದೆ ನಿಂತ.

“ಇವರು ಯಾರ ತಾತಾನೂ,” ಎಂದು ನಿಂತ. ಮಗಳ ಕಡೆ ನೋಡಿದ. “ಯಾರ ತಾತಾನೂ... ಇಲ್ಲ.”

“ಅಲ್ಲ,” ಎಂದು ಪಿಸುಗುಟ್ಟಿದೆ ನಾನು. ಅವನಿಗೆ ಅಭ್ಯಾಸವಿರಲಿಲ್ಲ.

“ಅಲ್ಲ. ಇವರು ಯಾರು ಅಂತ ನಂಗೆ ಗೊತ್ತಿಲ್ಲ. ಏನು ಹುಡುಕಿದ್ರೂ ಇವರೇ ಬರ್ತಾರೆ. ನಾನೇ ಹಾಗೆ ಮಾಡಿಟ್ಟಿದೀನಿ.”

ಯಾರೂ ನಂಬಲಿಲ್ಲ. ಮೇಡಂ ಕಂಪ್ಯೂಟರಿನ ಮುಂದೆ ಕೂತು ‘ಚಂದ್ರನ ಮೇಲಿನ ರಾಜ’ ಎಂದು ಒತ್ತಿದರು. ‘ಇಗೋ, ನೀವು ಹುಡುಕುತ್ತಿದ್ದದ್ದು!’ ಎಂದು ಕುರ್ಚಿ ತಾತ ಬಂದರು.

ಅಧ್ಯಕ್ಷರು ಮುಂದಕ್ಕೆ ಬಾಗಿದರು. “ಅಲ್ಲಿಗೂ ಹೋಗಿದ್ರಾ! ಮನೇಲಿ ಯಾರೂ ಹೇಳಿರಲಿಲ್ಲ.”

ಇದೆಯಪ್ಪನ ಹೆಂಡತಿ ಎದ್ದು ಬಂದರು. ‘ನಮ್ಮನೆಯವರು ಹೋದ ವರ್ಷ ಕಳೆದ ಕೊಡೆ’ ಎಂದು ಒತ್ತಿಸಿದರು. ಕುರ್ಚಿ ತಾತ ಬಂದರು. “ಕೊಡೆ ಇವರ ಹತ್ರ ಇದೆಯಂತಾ?” ಎಂದು ಕೇಳಿದರು.

ಬೀಗರು ಇದನ್ನೆಲ್ಲ ಹುಬ್ಬು ಗಂಟಿಕ್ಕಿ ನೋಡುತ್ತಿದ್ದರು. ಕೊನೆಗೆ ಕುರ್ಚಿ ಎಳೆದುಕೊಂಡು ಕೂತು ತಮ್ಮ ಸ್ವಂತ ಹೆಸರನ್ನೇ ಒತ್ತಿದರು. ಕುರ್ಚಿ ತಾತ ಬಂದರು. ಬಲಗಾಲು ಧಡ್ ಎಂದಿತು.

“ಇದು ನಾನಲ್ಲ,” ಎಂದರು.

ಕೋಣೆಯಲ್ಲಿದ್ದ ಎಲ್ಲರೂ ಒಮ್ಮೆ ಫೋಟೊ ನೋಡಿದರು, ಒಮ್ಮೆ ಅವರನ್ನು ನೋಡಿದರು. ಅವರಲ್ಲ ಎಂಬುದರಲ್ಲಿ ಎರಡು ಮಾತಿರಲಿಲ್ಲ. ಇಷ್ಟಾದ ಮೇಲೆ ಎಲ್ಲ ಬಗೆಹರಿಯಿತು ಎಂದುಕೊಂಡು ಇದೆಯಪ್ಪ ಉಸಿರು ಬಿಟ್ಟ. ಅವನಿಗೆ ಮನುಷ್ಯರ ಸ್ವಭಾವ ಗೊತ್ತಿಲ್ಲ.

“ಯಂತ್ರ ತಪ್ಪು ತೋರಿಸುತ್ತೆ, ಒಪ್ಕೊಂಡೆ,” ಎಂದರು ಬೀಗರು. “ನಿಮಗೆಲ್ಲ ತಪ್ಪು ತೋರಿಸಿದೆ. ನಮಗೆ ಮಾತ್ರ ಸರಿಯಾಗಿ ತೋರಿಸಿದೆ. ನಮ್ಮ ಮೂಗು ನೋಡಿ ಬೇಕಾದ್ರೆ.”

“ನಂಗೂ ಅದೇ ಅನ್ನಿಸ್ತಿದೆ,” ಎಂದರು ಅಧ್ಯಕ್ಷರು. “ನಿಮ್ಮೆಲ್ಲರಿಗೂ ತಪ್ಪಾಗಿದೆ.”

“ಈಗ ನೇರ ಮಾತಿಗೆ ಬರ್ತೀನಿ,” ಎಂದು ಬೀಗರು ಮುದುಕರ ಕಡೆ ತಿರುಗಿದರು. “ಇವರು ನಿಮ್ಮಪ್ಪ ಅಲ್ಲ ಅಂತ ನಿಮ್ಮ ಬಾಯಿಂದ ಬರಲಿ. ನಾಳೇನೇ ಮದುವೆ ಮಾಡೋಣ. ನಿಮ್ಮಪ್ಪಾನೂ ಹೌದು, ನಮ್ಮ ತಾತಾನೂ ಹೌದು ಅಂದ್ರೆ ಮಾತ್ರ ಆಗೋದಿಲ್ಲ.”

ಇದೆಯಪ್ಪ ಬಾಯಿ ತೆರೆದ. ಆದರೆ ಅದು ಅವನು ಹೇಳುವ ಮಾತಾಗಿರಲಿಲ್ಲ. ಮೊಮ್ಮಗಳು ತಾತನ ಕಡೆ ನೋಡಲಿಲ್ಲ, ನೆಲ ನೋಡುತ್ತ ಕೂತಿದ್ದಳು. ಮುದುಕರು ಮಡಿಲಲ್ಲಿದ್ದ ಫೋಟೊದ ಗಾಜನ್ನು ಅಂಗಿಯ ತುದಿಯಿಂದ ಒರೆಸಿದರು. ಒಂದು ಸಲ ಒರೆಸಿದ ಜಾಗವನ್ನೇ ಮತ್ತೆ ಒರೆಸಿದರು. ಆಮೇಲೆ ಎದ್ದು ಬೀಗರ ಹತ್ತಿರ ಹೋದರು.

“ತಗೊಳ್ಳಿ, ನಿಮ್ಮ ತಾತ,” ಎಂದು ಫೋಟೊ ಕೊಟ್ಟರು. “ಇಷ್ಟು ದಿನ ನಮ್ಮನೇಲಿದ್ರು. ಒಳ್ಳೇ ಮನುಷ್ಯ. ಬೆಳಿಗ್ಗೆ ಹೊತ್ತು ಮಾತಾಡಿಸ್ತಿದ್ದೆ, ಒಂದು ದಿನಾನೂ ತೊಂದರೆ ಕೊಡಲಿಲ್ಲ.”

ಬೀಗರು ಜಗಳಕ್ಕೆ ತಯಾರಾಗಿ ಬಂದಿದ್ದವರು. ಎರಡು ಕಂಕುಳಲ್ಲಿ ಎರಡು ತಾತಂದಿರನ್ನು ಇಟ್ಟುಕೊಂಡು ನಿಂತರು. ಕೊನೆಗೆ “ಚಿಕ್ಕಪ್ಪಾ” ಎಂದು ಶುರುಮಾಡಿ, ನಾಲಿಗೆ ಕಚ್ಚಿಕೊಂಡು, “ಬೀಗರೇ, ಬೆಳಿಗ್ಗೆ ಹೊತ್ತು ಇವರನ್ನ ಮಾತಾಡ್ಸೋಕೆ ಬನ್ನಿ. ಕಾರು ಕಳಿಸ್ತೀನಿ” ಎಂದರು. ಮುದುಕರು ಡ್ರೈವರುಗಳ ಉಪಕಾರ ತಮಗೆ ಬೇಡ, ಬಸ್ಸಿನಲ್ಲೇ ಬರುತ್ತೇನೆ ಎಂದರು.

ಮದುವೆ ನಡೆಯಿತು. ಊಟ ಚೆನ್ನಾಗಿತ್ತು. ಕುರ್ಚಿ ತಾತ ಊರಿನ ಎಷ್ಟೋ ಮನೆಗಳಲ್ಲಿ ಇಂದಿಗೂ ಗೋಡೆಯ ಮೇಲಿದ್ದಾರೆ. ಎಲ್ಲರೂ ಪಕ್ಕದ ಮನೆಯವರಿಗೆ ಮೋಸವಾಯಿತೆಂದು ಮರುಗುತ್ತಾರೆ. ಪ್ರಶಸ್ತಿಯೂ ಬಂತು, ನಿರ್ದೇಶಕರು ತೆಗೆದುಕೊಂಡರು.

ಪುಟ ಮಾತ್ರ ಬದಲಾಗಬೇಕಾಯಿತು. ಕುರ್ಚಿ ತಾತನ ಖಾನೆಗಳನ್ನೆಲ್ಲ ಇದೆಯಪ್ಪನೇ ಕೂತು ಖಾಲಿ ಮಾಡಿದ. ಇಲ್ಲದ್ದು ಇಲ್ಲವೆಂದೇ ಬರಬೇಕು ಎಂದು ಮೇಡಂ ಹಟ ಹಿಡಿದರು. ‘ಏನೂ ಸಿಗಲಿಲ್ಲ’ ಎಂಬುದು ಬಹಳ ಬಿರುಸಾಯಿತು ಎಂದು ನಿರ್ದೇಶಕರು, ‘ವಿಷಾದಿಸುತ್ತೇವೆ’ ಎಂಬುದು ಸಾವಿನ ಸುದ್ದಿಯಂತಿದೆ ಎಂದು ನಾನು. ಒಂದು ಸಾಲಿಗಾಗಿ ಮೂರು ಸಭೆ ನಡೆದು ಮೂರರಲ್ಲೂ ಏನೂ ತೀರ್ಮಾನವಾಗಲಿಲ್ಲ. ಇನ್ನೂ ಎಷ್ಟೋ ಪೆಟ್ಟಿಗೆ ಸ್ಕ್ಯಾನ್ ಆಗದೆ ಬಿದ್ದಿದೆ, ಅದನ್ನೂ ಜನರಿಗೆ ತಿಳಿಸಬೇಕು ಎಂದು ಮೇಡಂ ಬೇರೆ ಸೇರಿಸಿದರು. ಇದೆಯಪ್ಪ ಮನೆಯಲ್ಲಿ ಇದೇ ತಲೆಬಿಸಿಯಲ್ಲಿ ಕೂತಿದ್ದಾಗ ಅಪ್ಪ ಏನಾಯಿತೆಂದು ಕೇಳಿದರು.

“ಬಂದವರಿಗೆ ಇಲ್ಲ ಅಂತ ಹೇಗೆ ಹೇಳೋದು ಅಂತ ಗೊತ್ತಾಗ್ತಿಲ್ಲಪ್ಪ.”

“ಅದಕ್ಕೇನೋ ಸಭೆ? ಸ್ಟಾಪಲ್ಲಿ ಯಾರನ್ನೋ ಎದುರು ನೋಡ್ತಾ ನಿಂತಿರ್ತಾರೆ. ಬಸ್ಸಲ್ಲಿ ಅವರಿಲ್ಲ. ನಾವೇನು ಸುಳ್ಳು ಹೇಳ್ತಿದ್ವಾ? ಯಾರನ್ನೋ ಹಿಡಿದು ಇಳಿಸ್ತಿದ್ವಾ?” ಎಂದರು ಮುದುಕರು. ಆಮೇಲೆ ಕಂಡಕ್ಟರ್ ದನಿಯಲ್ಲೇ ಆ ಸಾಲನ್ನು ಹೇಳಿದರು. ಇದೆಯಪ್ಪ ಬರೆದುಕೊಂಡ. ಮೇಡಂ ಓದಿ, ಹಾಗೇ ಹಾಕಿದರು.

ಈಗ ಮುದುಕರು ದಿನಾ ಬೆಳಿಗ್ಗೆ ಮಗನ ಫೋನು ಇಸಿದುಕೊಂಡು ತಮ್ಮ ಅಪ್ಪನ ಹೆಸರು ಒತ್ತುತ್ತಾರೆ. ಎದುರಿಗೆ ಖಾಲಿ ಗೋಡೆ, ಮೊಳೆ ಹಾಗೇ ಇದೆ. ಪರದೆಯ ಮೇಲೆ ಅವರು ಹೇಳಿದ ಸಾಲೇ ಬರುತ್ತದೆ. ‘ಈ ಗಾಡಿಯಲ್ಲಿ ಅವರು ಬಂದಿಲ್ಲ. ಹಿಂದೆ ಇನ್ನೂ ಗಾಡಿಗಳಿವೆ.’ ಯಾರೋ ತಿಳಿದವರು ಹೇಳಿದರೆಂಬಂತೆ ಅದನ್ನು ಗಮನವಿಟ್ಟು ಪೂರ್ತಿ ಓದುತ್ತಾರೆ. “ಸರಿ, ಕಾಯೋಣ” ಎಂದು ಫೋನನ್ನು ಮಗನಿಗೆ ವಾಪಸು ಕೊಡುತ್ತಾರೆ.